ಪಕ್ಕದ ಕುರ್ಚಿ

ಮೈಸೂರು
ಶುಕ್ರವಾರ, ೧೦ ಅಕ್ಟೋಬರ್ ೨೦೨೫

ಪ್ರೀತಿಯ ಕುಸುಮ,

ಇವತ್ತು ಸಂಕಷ್ಟಿ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಹೊಸ್ತಿಲಿಗೆ ಅರಿಶಿನ ಹಚ್ಚಿ, ಬೆರಳಂದಾಜಿನಲ್ಲೇ ನಾಲ್ಕೆಳೆ ರಂಗೋಲಿ ಬಿಟ್ಟೆ. ಕಣ್ಣು ಕಾಣದವಳ ರಂಗೋಲಿ ಹೇಗಿರುತ್ತೆ, ನಿನಗೇ ಗೊತ್ತು. ಓನರಮ್ಮ ನೋಡಿ, "ಇವತ್ತು ನಿಮ್ಮ ತಾವರೆ ಚರಂಡಿವರ‍್ಗೂ ಹೋಗ್ಬುಟ್ಟಿದೆ ಕಣ್ರೀ" ಅಂದರು. ಗರಿಕೆ ಸಿಕ್ಕಿತು, ಪೂಜೆ ಆಯಿತು. ಈಗ ಆಫೀಸಿನಲ್ಲಿ ಎಲ್ಲರೂ ಊಟಕ್ಕೆ ಎದ್ದಿದ್ದಾರೆ. ಉಪವಾಸದವಳಿಗೆ ಊಟದ ಹೊತ್ತು ಉಳಿಯಿತಲ್ಲ, ಟೈಪ್ ಮಾಡುತ್ತಾ ಕೂತಿದ್ದೇನೆ.

ಗೌರಿ ಹಬ್ಬ ಕಳೆದು ನೀನು ಹುಣಸೂರಿಗೆ, ತಮ್ಮನ ಮನೆಗೆ ಹೋದೆ. ದಸರಾನೂ ಮುಗಿಯಿತು, ನನ್ನ ಕಾಗದ ಬರಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನಿನ್ನ ತಮ್ಮನ ಹೆಂಡತಿ ಪಕ್ಕದಲ್ಲೇ ಇರುತ್ತಾಳೆ, ನೀನು "ಹ್ಞೂಂ, ಹ್ಞೂಂ" ಅನ್ನುವುದು ಬಿಟ್ಟು ಬೇರೆ ಮಾತಾಡುವುದಿಲ್ಲ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ನೀನು ವಾಪಸ್ ಬಾ. ನಿನ್ನ ಮೇಟಗಳ್ಳಿಯ ಬಾಡಿಗೆ ಮನೆ ಕೆಡವಿದರೆ ಕೆಡವಿಕೊಳ್ಳಲಿ. ಅಗ್ರಹಾರದ ನಮ್ಮ ಮನೆಯಲ್ಲಿ ಮುಂದಿನ ರೂಮು, ನಮ್ಮ ಯಜಮಾನರು ಹೋದಾಗಿನಿಂದ ಖಾಲಿಯೇ ಇದೆ. ನನ್ನ ಜೊತೆಗೇ ಇದ್ದುಬಿಡು. ಶಿವಶಂಕರ್ ಸರ್ ಈ ತಿಂಗಳ ಕೊನೆವರೆಗೆ ನಿನ್ನ ಕೆಲಸ ಹಿಡಿದಿಟ್ಟಿರುತ್ತಾರಂತೆ. ಆಮೇಲೆ ನಿಶ್ಚಿತಾಳನ್ನೇ ಕಾಯಂ ಮಾಡುತ್ತಾರೆ.

ನಿಶ್ಚಿತಾ ಅಂದರೆ ನೀನು ಹೋದ ಮೇಲೆ ಸೇರಿದ ಹುಡುಗಿ, ನಿಮ್ಮ ಹುಣಸೂರಿನವಳೇ. ಈ ಕಾಗದ ತರುವವಳೂ ಅವಳೇ. ಕಣ್ಣು ಕಾಣದವರು ಕೇಳುವ ಪುಸ್ತಕಗಳನ್ನು ನೀನು ಕಣ್ಣಲ್ಲಿ ನೋಡಿ ತಿದ್ದುವುದು, ನಾನು ಕಿವಿಯಲ್ಲಿ ಕೇಳಿ ತಪ್ಪು ಹಿಡಿಯುವುದು ಅಂತ ನಾವಿಬ್ಬರೂ ಮಾಡುತ್ತಿದ್ದೆವಲ್ಲ, ಈಗ ನಿನ್ನ ಪಾಲಿನದು ಅವಳಿಗೆ. ಮೊದಲ ದಿನ ಪುಸ್ತಕ ಕೊಟ್ಟು, "ಎಲ್ಲಾ ಕ್ಲೀನಾಗಿದೆ ಆಂಟಿ, ಹೆಡಿಂಗೆಲ್ಲ ದಪ್ಪಗೆ ಮಾಡಿದೀನಿ" ಅಂದಳು. ನಾನು ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಹಾರುವ ಕೀಲಿ ಒತ್ತಿದರೆ, ಓದಿ ಹೇಳುವ ಸ್ಕ್ರೀನ್ ರೀಡರ್ ಹೆಡಿಂಗೇ ಇಲ್ಲ ಅಂತು.

"ದಪ್ಪ ಮಾಡಿದ್ರೆ ನಿನ್ನ ಕಣ್ಣಿಗೆ ಹೆಡಿಂಗು ಕಣಮ್ಮ. ಈ ಮಿಷನ್ನಿಗೆ ಇದು ಹೆಡಿಂಗು ಅಂತ ಬೇರೆ ಹೇಳಿಕೊಡ್ಬೇಕು" ಅಂದೆ.

"ನೋಡಿದ್ರೇ ಗೊತ್ತಾಗುತ್ತಲ್ಲಾ ಆಂಟಿ" ಅಂದುಬಿಟ್ಟಳು. ಆಮೇಲೆ ಪಾಪ, ಅವಳೇ ಕೂತು ಹೆಡಿಂಗೆಲ್ಲ ಸರಿ ಮಾಡಿದಳು. ಒಳ್ಳೆಯ ಹುಡುಗಿ.

ಈಗ ಕೈಯಲ್ಲಿರುವುದು ಹೆಂಗಸರಿಗೆಂದು ಮಾಡಿದ ಒಂದು ಪುಸ್ತಕ. ಪುಟದ ಎಡಗಡೆ ಸಾಲಿನಲ್ಲಿ ವ್ರತ, ಬಲಗಡೆ ಸಾಲಿನಲ್ಲಿ ಅಡುಗೆ. ಮಿಷನ್ನು ಎರಡನ್ನೂ ಅಡ್ಡಡ್ಡ ಸೇರಿಸಿಕೊಂಡು ಓದಿತು: "ಗೌರಿಯನ್ನು ಮಣೆಯ ಮೇಲೆ ಕೂರಿಸಿ, ಎರಡು ಈರುಳ್ಳಿ ಹೆಚ್ಚಿ ಹಾಕಿ, ಭಕ್ತಿಯಿಂದ ಕೈಮುಗಿದು, ಕೆಂಪಗಾಗುವವರೆಗೆ ಬಾಡಿಸಿ." ಶಿವ ಶಿವಾ ಎಂದು ಕೆನ್ನೆ ಬಡಿದುಕೊಂಡೆ, ನಗುವೂ ತಡೆಯಲಿಲ್ಲ. ನೀನಾಗಿದ್ದರೆ, "ಗೌರಮ್ಮಂಗೂ ವರ್ಷಾ ವರ್ಷಾ ಅದೇ ಹೋಳಿಗೆ ತಿಂದು ಸಾಕಾಗಿರುತ್ತೆ ಬುಡು ದೇವೀ" ಅನ್ನುತ್ತಿದ್ದೆ. ನಿಶ್ಚಿತಾ, "ಸಾರಿ ಆಂಟಿ, ಸರಿ ಮಾಡ್ತೀನಿ" ಅಂದಳು. ಒಬ್ಬಳೇ ನಕ್ಕೆ.

ಸಂಕಷ್ಟಿ ದಿನ ನೀನು ಮಹಡಿ ಹತ್ತಿ ಫೋನ್ ಮಾಡುತ್ತಿದ್ದೆ. "ಬಂದ ಕಣೇ ಚಂದ್ರ... ತಡಿ, ಮೋಡ ಅಡ್ಡ ಇದೆ... ಹ್ಞಾಂ, ಈಗ ಉಣ್ಣು." ಹೋದ ತಿಂಗಳು ಪಂಚಾಂಗದ ಹೊತ್ತು ಕೇಳಿಕೊಂಡು, ಬಂದಿದ್ದಾನೆ ಅಂದುಕೊಂಡು ಅರ್ಘ್ಯ ಬಿಟ್ಟೆ. ಬೆಳಿಗ್ಗೆ ಓನರಮ್ಮ, "ರಾತ್ರಿಯೆಲ್ಲಾ ಮೋಡ, ಯಾವ ಚಂದ್ರಂಗೆ ಬಿಟ್ರಿ?" ಅಂದರು. ಗಣಪತಿ ಒಪ್ಪಿಕೊಂಡನೋ ಇಲ್ಲವೋ. ಇವತ್ತೂ ಹಾಗೇ ಬಿಡಬೇಕು.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ. ನಿನ್ನ ತಮ್ಮನ ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ತಾಯಿ ಚಾಮುಂಡಿ ನಿನ್ನನ್ನು ಎಲ್ಲಿದ್ದರೂ ಕಾಯಲಿ.

ಇಂತಿ ನಿನ್ನ
ದೇವಿರಮ್ಮ

ತಾ.ಕ.: ಜೊತೆಗಿರು ಅಂತ ನಿನ್ನನ್ನು ಮೊದಲೇ ಒಂದು ಸಲ ಕೇಳಿದ್ದೇನೆ, ನಿನಗೆ ಗೊತ್ತಿಲ್ಲ. ನೀನು ಹೊರಡುವ ಹಿಂದಿನ ದಿನ, ಆಫೀಸಿನಲ್ಲಿ ನಾನು ಒಂದು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿನ್ನ ಪಕ್ಕದಲ್ಲಿ ಕೂತಿದ್ದೆ. ಓದುತ್ತಿದ್ದುದನ್ನು ನಿಲ್ಲಿಸಿ, ಧೈರ್ಯ ಮಾಡಿ ಅಂದೆ: "ಮನೆಗೆ ಹೋದ್ರೆ ಬಾಗಿಲು ತೆಗೆಯೋರಿಲ್ಲ ಕಣೇ. ಬಂದು ನನ್ ಜೊತೆ ಇದ್ಬುಡು. ಸಾಯೋವರ‍್ಗೂ ಇಬ್ರೂ ಹಿಂಗೇ ಇರೋಣ." ನೀನು ಮಾತಾಡಲಿಲ್ಲ. ಅಳುತ್ತಿದ್ದೀಯೇನೋ ಎಂದು ಕೈ ಚಾಚಿದೆ. ಬರೀ ಕುರ್ಚಿ ಸಿಕ್ಕಿತು. ತಮ್ಮನ ಫೋನ್ ಬಂದು ನೀನು ಎದ್ದು ಆಚೆ ಹೋಗಿದ್ದೆ. ಹೋಗ್ತೀನಿ ಅಂತ ಹೇಳದೆ ನೀನು ನನ್ನ ಪಕ್ಕದಿಂದ ಎದ್ದಿದ್ದು ಅದೊಂದೇ ಸಲ. ಯಾರು ಯಾರು ಕೇಳಿಸಿಕೊಂಡರೋ. ನೀನು ವಾಪಸ್ ಬಂದು, "ಏನೇ, ಏನೋ ಅಂತಿದ್ಯಲ್ಲ?" ಅಂದೆ. "ಪುಟದ ನಂಬರು ಮಾತಿನ ಮಧ್ಯೆ ಬರ‍್ತಿದೆ, ನೋಡು" ಅಂದುಬಿಟ್ಟೆ ನಾನು. ನೀನು ಹುಡುಕಿದೆ, "ಎಲ್ಲಿ, ಸರಿಯಾಗೇ ಇದೆಯಲ್ಲ" ಅಂದೆ. ಆಮೇಲೆ ನೀನೇ ಮಾರನೇ ದಿನ ಊರಿಗೆ ಹೊರಡುವ ವಿಷಯ ಹೇಳಿದೆ. ಎರಡನೇ ಸಲ ಕೇಳಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ಬಸ್ಸು ಹತ್ತುವ ಮೊದಲು ನಿಶ್ಚಿತಾ ನಿಮ್ಮ ಮನೆಗೆ ಬಂದು ಉತ್ತರ ತೆಗೆದುಕೊಂಡು ಬರುತ್ತಾಳೆ. ಅವಳೇ ಓದಿ ಹೇಳಬೇಕು, ಹೇಳಲಿ, ನನಗೆ ನಾಚಿಕೆಯಿಲ್ಲ. ಬರಲಾಗುವುದಿಲ್ಲ ಅನ್ನುವುದಾದರೆ ಅದನ್ನೇ ಬರೆದು ಕೊಡು. ಅವಳನ್ನು ಬರಿಗೈಯಲ್ಲಿ ಮಾತ್ರ ಕಳಿಸಬೇಡ.