ಬಣ್ಣ ತೊಳೆಯುವ ನೀರು

೬ ಫೆಬ್ರವರಿ ೧೯೯೯, ಶನಿವಾರ. ಹೌನ್ಸ್ಲೋ, ಲಂಡನ್

ಈ ಕಥೆ ಮೊದಲು ಹೇಳಿದವನು ನಮ್ಮ ಆಸ್ಪತ್ರೆಯ ವಾರ್ಡಿನಲ್ಲಿರುವ ಸ್ಪೇನಿನ ಮುದುಕ ರಾಮಿರೊ. ಮೊನ್ನೆ ಗುರುವಾರ, ಬಿಪಿ ನೋಡುವಾಗ. ಅದು ಅವರ ದೇಶದ ಹಳೆಯ ಕಾದಂಬರಿಯಂತೆ. ನಾಯಕ ಮನೆಯಲ್ಲಿ ಸಾಧು, ಒಂದು ಹೆಸರು. ತಲೆಗೆ ಬೋಗುಣಿ ಕವುಚಿ ಕುದುರೆ ಹತ್ತಿದರೆ ಇನ್ನೊಂದು ಹೆಸರು, ಮಹಾವೀರ. ಆಗ ಅವನ ಕಣ್ಣಿಗೆ ಕಂಡವರೆಲ್ಲ ರಾಕ್ಷಸರು. ಅವನ ಕೈಯಲ್ಲಿ ಪಾಪದ ದಾರಿಹೋಕನೊಬ್ಬನ ಕಾಲು ಮುರಿಯುತ್ತದೆ.

"ಎಲ್ಲರೂ ನಗ್ತಾರೆ ಡಾಕ್ಟರ್. ಆ ಕಾಲಿನ ವಿಷಯ ಯಾರೂ ಕೇಳಲ್ಲ" ಎಂದ.

ನಾನೂ ನಕ್ಕೆ. ನಾಳೆ ಕನ್ನಡ ಬಳಗದ ಮಕ್ಕಳಿಗೆ ಇದೇ ಕಥೆ.

೭ ಫೆಬ್ರವರಿ

ರೇನರ್ಸ್ ಲೇನಿನ ಹಾಲ್. ಹೆಂಡತಿ ಉಷಾಳ ಸ್ಟೀಲ್ ಬೋಗುಣಿ ತಲೆಗಿಟ್ಟು ನಮ್ಮೂರ ದೊಡ್ಡಾಟದ ರಾಕ್ಷಸವೇಷದ ದನಿಯಲ್ಲಿ ಗರ್ಜಿಸಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಕಾಲು ಮುರಿದದ್ದು ಬಿಟ್ಟೆ. ನನ್ನ ಮಗಳು ಜಾಹ್ನವಿ ಮಾತ್ರ ನಗಲಿಲ್ಲ. ಒಂಬತ್ತು ವರ್ಷ.

"ಇಂಥಾ ಅಪ್ಪ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕವ್ವಾ" ಎಂದು ಬಳಗದ ಗುರುದೇವಿ ಅಕ್ಕ ಅವಳ ಗಲ್ಲ ಹಿಂಡಿದರು. ಉಷಾ ಬೋಗುಣಿ ಒರೆಸುತ್ತಿದ್ದಳು.

೧೩ ಫೆಬ್ರವರಿ

ಬರೆಯಲು ಕೈ ಬಂದಿರಲಿಲ್ಲ.

ಸೋಮವಾರ. ಆಸ್ಪತ್ರೆಯಲ್ಲಿ ದಿನವಿಡೀ ಸಾರಿ, ಥ್ಯಾಂಕ್ಯೂ, ನಗು. ಮನೆಗೆ ಬಂದರೆ ನಾನು ಬರೆಯಬೇಕಿದ್ದ ಪರೀಕ್ಷೆಯ ನೋಟ್ಸ್ ಮೇಲೆ ಜಾಹ್ನವಿ ಹಾಲು ಚೆಲ್ಲಿದ್ದಳು. ಅದೇ ಬೋಗುಣಿ ಎಸೆದೆ. ಗೋಡೆಗೆ ಎಂದುಕೊಂಡೆ... ಅವಳ ಹುಬ್ಬಿಗೆ. ಮೂರು ಹೊಲಿಗೆ. ನನಗೆ ಮುಟ್ಟಲು ಮಗಳು ಬಿಡಲಿಲ್ಲ.

"ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದಳು ಉಷಾ. "ಇನ್ನೊಮ್ಮೆ ಹಿಂಗಾತಂದ್ರ ಕೂಸಿನ್ನ ಕರಕೊಂಡು ಧಾರವಾಡಕ್ಕ ಹೋಗಾಕಿ. ನೋಡ್ರಿ ಮತ್ತ."

ಬಾಗಿಲಲ್ಲಿ ನನ್ನ ಕೀಲಿಯ ಸದ್ದಾದರೆ ಮಗಳು ಮಹಡಿಗೆ ಓಡುತ್ತಾಳೆ.

೧೪ ಫೆಬ್ರವರಿ, ಸಂಜೆ

ಅವಳು ಮೇಲಿನ ಮೆಟ್ಟಿಲಲ್ಲಿ, ನಾನು ಕೆಳಗಿನದರಲ್ಲಿ. ಕಥೆ ಮತ್ತೆ ಹೇಳಿದೆ. ಬೋಗುಣಿ ಇಲ್ಲದೆ, ಮುರಿದ ಕಾಲಿನ ಸಮೇತ.

"ಡಿಡ್ ಹಿ ಸೇ ಸಾರಿ?"

"ಗೊತ್ತಿಲ್ಲವ್ವಾ. ನಾನಂತೂ ಅಂತೀನಿ. ತಪ್ಪಾತು."

ಹುಬ್ಬಿನ ಪಟ್ಟಿ ಮುಟ್ಟಿಕೊಂಡಳು. ಆಮೇಲೆ — "ಹೌ ಡು ಐ ನೋ ವಿಚ್ ಒನ್ ಈಸ್ ಕಮಿಂಗ್ ಹೋಮ್?"

ನಮ್ಮೂರಿನ ಪದ್ಧತಿ ಹೇಳಿದೆ. ದೊಡ್ಡಾಟದಲ್ಲಿ ರಾಕ್ಷಸನ ವೇಷ ಹಾಕಿದವನು ಮುಖದ ಬಣ್ಣ ತೊಳೆಯದೆ ತನ್ನ ಮನೆಯ ಹೊಸ್ತಿಲು ದಾಟುವಂತಿಲ್ಲ. ಮನೆಯವರು ಹೊರಗೆ ನೀರಿಡುತ್ತಾರೆ. ಇಡದಿದ್ದರೆ ಅವನು ಹೊರಗೇ.

ಉಷಾ ಅಡುಗೆಮನೆಯಿಂದ ಕೇಳುತ್ತಿದ್ದಳು. ನನಗೆ ನೈಟ್ ಡ್ಯೂಟಿ. ಹೊರಟೆ.

೧೫ ಫೆಬ್ರವರಿ, ಬೆಳಿಗ್ಗೆ ೮.೪೦

ಹೊಸ್ತಿಲ ಹೊರಗೆ ಬೋಗುಣಿ. ತುಂಬಾ ನೀರು. ಪಕ್ಕದಲ್ಲಿ ಮಡಿಚಿಟ್ಟ ಟವೆಲ್, ಅದು ಉಷಾಳದು. ಕರ್ಟನ್ ಸಂದಿಯಲ್ಲಿ ಎರಡು ಪುಟ್ಟ ಕಣ್ಣು, ಒಂದರ ಮೇಲೆ ಪಟ್ಟಿ.

ಕೊರೆಯುವ ನೀರು. ಮುಖ ತೊಳೆದೆ. ಇನ್ನೊಮ್ಮೆ ತೊಳೆದೆ. ಬಾಗಿಲ ಗಾಜಿನಲ್ಲಿ ಕಾಣುತ್ತದೆ, ಒಳಗಿನ ಚೈನ್ ಇನ್ನೂ ಹಾಕಿಯೇ ಇದೆ. ಕೀಲಿ ಹಚ್ಚಲಿಲ್ಲ. ಹೊರಗೇ ಕೂತು ಬರೆಯುತ್ತಿದ್ದೇನೆ. ಎಷ್ಟು ಹೊತ್ತಾದರೂ ಸರಿ, ಅವಳೇ ತೆಗೆಯಲಿ...

ಚೈನ್ ಸರಿಯುವ ಸದ್ದು —