ಕೊಪ್ಪಿಯೊಳಗಿನ ಮುಖ

ಸಗರ
೧೯ ಜನವರಿ ೧೯೯೬

ಹತ್ತಿಕುಣಿಯೊಳಗ ಸಿಟ್ಟಿನ ಸಿಂಹಾಸನ ಏರಿ ಕುಳಿತಿರುವ ಶ್ರೀಮತಿ ಮೋನಮ್ಮಕ್ಕನವರ ಪಾದಕ್ಕೆ, ಊರಿಗೇ ಬ್ಯಾಸರಾದ ತಮ್ಮ ಮರಿಲಿಂಗನ ಉದ್ದಂಡ ನಮಸ್ಕಾರ.

ನಾನು ಕ್ಷೇಮ. ನಿನ್ನ ಕ್ಷೇಮ ಕೇಳುವ ಧೈರ್ಯ ಇಲ್ಲ. ನಿನ್ನ ಗಂಡ ಅಮರಪ್ಪ ಮಾವನ್ನ ಕಾಲುವಿ ದಂಡಿಮ್ಯಾಲ ಸಲಿಕಿಲೆ ಹೊಡೆದು ಕೊಂದಾನಂತ ಈಶಪ್ಪಗ ಗಲ್ಲಿನ ಶಿಕ್ಷಾ ಆದ ದಿನ, ನೀ ಓಣಿಗೆಲ್ಲ ಸಕ್ಕರಿ ಹಂಚಿದಿ ಅಂತ ಚಿಗವ್ವ ಹೇಳಿದ್ಲು. ಇಲ್ಲಿ ನಾನೂ ಬೆಲ್ಲ ತಿಂದೆ. ದೊಡ್ಡ ಕೋರ್ಟು ಹೂಂ ಅನ್ನೂದೊಂದು ಬಾಕಿ.

ಈಗ ಗಂಭೀರ ವಿಷಯ. ನಗಬ್ಯಾಡ.

ನಮ್ಮ ಕಾಲುವಿ ತೂಬಿನ ಗೂಟಕ್ಕ ಗೋಣಿಚೀಲದ ಕೊಪ್ಪಿ ತೂಗಾಡ್ತದಲ್ಲ, ನೀರಿನ ಪಾಳಿ ಯಾರದೋ ಅವರು ಅದನ್ನ ತಲಿಮ್ಯಾಲ ಹಾಕ್ಕೊಂಡು ಕೂಡ್ತಾರ. ಹಂಗಾಗಿ ದೂರದಿಂದ ಕೊಪ್ಪಿ ಕಂಡ್ರ ನಾವು ಮುಖ ನೋಡೂದಿಲ್ಲ, ಪಾಳಿ ನೆನಸಿ ಹೆಸರು ಹೇಳ್ತೇವಿ. ಹೋದ ಸೋಮವಾರ ಪಾಳಿ ಸುಗಲಮ್ಮಂದು. ನಾನು ಏರಿಮ್ಯಾಲ ನಿಂತು, ಸುಗಲಮ್ಮ ಮಹಾರಾಣಿಯವರ ದರ್ಬಾರು ಹೆಂಗ ನಡದದ್ರಿ ಅಂತ ಕೂಗಿದೆ. ಕೊಪ್ಪಿ ತಿರುಗಿತು. ಒಳಗ ನಸೀರುದ್ದೀನನ ಬಿಳಿ ಗಡ್ಡ! ಆಕಿ ಬುತ್ತಿ ತರಾಕ ಹೋಗಿದ್ಲಂತ. ಥಂಡಿಗೆ ಮುದುಕ ಹಾಕ್ಕೊಂಡಿದ್ದ. ಮೊದಲ ಮುಖ ನೋಡಲೇ ಮಂಗ್ಯಾ, ಆಮ್ಯಾಲ ಹೆಸರು ಕೂಗು ಅಂತ ಬೈದ. ಸುತ್ತ ಹೊಲದಾಗಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ, ಮನಿ ದಾರಿ ಹಿಡಿದೆ.

ಅಕ್ಕಾ, ಮಾವ ಬಿದ್ದ ಸಂಜೀಕ ದೂರದಿಂದ ನಾ ಕಂಡದ್ದು ಸಲಿಕಿ ಎತ್ತಿದ ಒಂದು ಕೊಪ್ಪಿ. ಪಾಳಿ ಈಶಪ್ಪಂದು. ಅಷ್ಟೇ. ಕೋರ್ಟಿನೊಳಗ ಜಡ್ಜ್ ಸಾಹೇಬರು ಮುಖ ಕಂಡಿಯೇನು ಅಂತ ಕೇಳಿದಾಗ, ಎದಿ ಉಬ್ಬಿಸಿ, ಕಣ್ಣಾರೆ ಕಂಡೀನಿ ಮಹಾಪ್ರಭು ಅಂದೆ. ಕುಂತ ಮಂದಿ ನಕ್ಕರು. ಆ ನಗಿಗೆ ನಾ ಇನ್ನಷ್ಟು ಉಬ್ಬಿದೆ.

ಈಗ ಊರೊಳಗ ಯಾರನ್ನ ನೋಡಿದ್ರೂ ಇವನೇ ಏನು ಅನಸ್ತದ. ಸಲಿಕಿ ತೊಳಿಯಾಕತ್ತಿದವನ ಮ್ಯಾಲ ಗುಮಾನಿ. ಕರದು ಚಹಾ ಕುಡಿಸಿದವನ ಮ್ಯಾಲ ಇನ್ನೂ ಗುಮಾನಿ: ನನ್ನಂಥವನ ಮ್ಯಾಲ ಇಷ್ಟು ಪ್ರೀತಿ ಯಾಕ?

ಈಶಪ್ಪನೇ ಮಾಡಿರಬಹುದು. ಮಾವನ ಕೂಡ ಅವನ ಜಗಳ ಇದ್ದದ್ದು ಖರೆ. ಆದ್ರ ಜೇಲಿನ ಬಾಗಿಲಿಗೆ ಕೀಲಿ ಇರ್ತದ, ತಪ್ಪು ತಿಳಿದ ದಿನ ತೆರಿಬಹುದು. ಹಗ್ಗದಿಂದ ಇಳಿಸಿದವನಿಗೆ ಏನಂತ ಹೇಳೂದು, ಮರಿಲಿಂಗ ತಮಾಷಿ ಮಾಡಿದ್ದ ಅಂತೇನು? ಅವನೇ ಕೊಂದಿದ್ರೂ, ಕೊಲ್ಲೂದು ತಪ್ಪು ಅಂತ ತೋರಸಾಕ ನಮ್ಮೆಲ್ಲರ ಹೆಸರಿಲೆ ಇನ್ನೊಬ್ಬನ್ನ ಕೊಲ್ಲೂದು ನನಗ ಒಗ್ಗವಲ್ದು. ಮೊನ್ನೆ ಅವನ ಹೆಂಡ್ತಿ ಲಾಲಮ್ಮ ಕೊಡ ಹೊತ್ತು ಬರಾಕತ್ತಿದ್ಲು. ನನ್ನ ನೋಡಿ, ಸೆರಗ ಎಳಕೊಂಡು, ದಾರಿ ಬಿಟ್ಟು ನಿಂತ್ಲು. ಬೈದಿದ್ರ ಛಲೋ ಇತ್ತು.

ಒಂದೇ ಮಾತು ಬರಿ ಅಕ್ಕಾ, ಸಾಕ್ಷಿ ತಿದ್ದು ಅಂತ. ನೀ ಹೂಂ ಅಂದ್ರ ನಾಳೆನೇ ಅವನ ವಕೀಲರ ಕಡಿ ಹೋಗ್ತೀನಿ.

ಇಂತಿ, ನಿನ್ನ ಬೆನ್ನಿಗೆ ಬಿದ್ದ ತಮ್ಮ
ಮರಿಲಿಂಗ

ತಾ.ಕ.: ಕೊನಿ ಮಾತು ಸುಳ್ಳು. ನಿನ್ನೆನೇ ಶಹಾಪುರಕ್ಕ ಹೋಗಿ, ವಕೀಲರ ಮುಂದ ಎಲ್ಲಾ ಹೇಳಿ, ಸಹಿ ಮಾಡಿ ಬಂದೀನಿ. ಮೊದಲೇ ಕೇಳಿದ್ರ ನೀ ಬ್ಯಾಡ ಅಂತಿದ್ದಿ, ನಾ ಸುಮ್ಮನಾಗ್ತಿದ್ದೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕ ನನಗೂ ಜೇಲು ಆಗಬಹುದಂತ. ಅಲ್ಲಿಗೆ ಒಮ್ಮೆ ಬಾ. ಬೈಯಾಕಾದ್ರೂ ಬಾ.