ಚಂದ್ರಿಕೆಯ ತುದಿಯ ಗೂಡು

ಅಕ್ಕಯ್ಯ,

ನೀನಿರುವಲ್ಲಿಗೆ ಅಂಚೆಯವನು ಬರುವುದಿಲ್ಲ, ಗೊತ್ತು. ಆದರೂ ಹೇಳುವುದಕ್ಕೆ ನನಗಿನ್ಯಾರಿದ್ದಾರೆ? ನಿನ್ನನ್ನು ಕೊಂದ ಆ ಎದೆಯ ಗಂಟು ನನಗೂ ಬಂತು. ಆಪರೇಷನ್ ಮಾಡಿ ಎಡಮೊಲೆ ತೆಗೆದರು, ಕೈ ಮೇಲೇಳುತ್ತಿರಲಿಲ್ಲ. ಪಕ್ಕದ ಮನೆಯ ಬೈರಮ್ಮನಿಗೂ ಹೋದ ವರ್ಷ ಇದೇ ಆಪರೇಷನ್ ಆಗಿತ್ತು. ನನ್ನ ಕೈ ಪಳಗಲೆಂದು ಅವಳು ರೇಷ್ಮೆಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಚಿಟ್ಟೆ ಹೊರಬಿದ್ದ ತೂತುಗೂಡೊಂದನ್ನು ದಿನಕ್ಕಿಷ್ಟು ಮೇಲೆ ಸಿಕ್ಕಿಸಿ ನನ್ನಿಂದ ಕೀಳಿಸುತ್ತಾಳೆ. ಇವತ್ತು ತುದಿಯದು ಸಿಕ್ಕಿತು.

“ಬಾಯಿ ಒಂದೇ ಜೋರಲ್ಲ ಕಣಮ್ಮಿ, ಕೈಯೂ ಮೇಲ್ಕೆ ಓಯ್ತದೆ ನಿಂಗೆ!” ಎಂದು ನಕ್ಕಳು. ರವಿಕೆ ಸರಿಸಿ ತನ್ನ ಗಾಯದ ಗುರುತು ತೋರಿಸಿದಳು. ನಾನೂ ತೋರಿಸಿದೆ.

ಅವಳು ಹೋದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಂದು ಹಿತ್ತಲಲ್ಲಿ ಗಂಟು ತೋರಿಸಲು ನೀನು ಹೀಗೆಯೇ ರವಿಕೆ ಸರಿಸಿದ್ದು ನೆನಪಾಯಿತು. “ಥೂ, ಮುಚ್ಕೊ ಅಕ್ಕಯ್ಯ, ಯಾರಾರ ನೋಡ್ಬುಟ್ಟಾರು” ಅಂದಿದ್ದೆ ನಾನು.

ನೀನು ಮುಚ್ಚಿಕೊಂಡೆ. ಆಮೇಲೆ ಯಾರಿಗೂ ತೋರಿಸಲಿಲ್ಲ.